ಜಿಲ್ಲೆ ಆದ ಮೇಲೆ

ಯಾರಾದರೂ "ಮುಂದಿನ ವರ್ಷದ ಹೊತ್ತಿಗೆ" ಎಂದು ಮಾತು ಶುರುಮಾಡಿದರೆ ಸಾಕು, ನಾನು ಈಗಲೂ ಕೈಯಲ್ಲಿದ್ದ ಕೆಲಸ ಬಿಟ್ಟುಬಿಡುತ್ತೇನೆ. ಮಾತಾಡುವವರು ಪಾಪ, ಮಗಳ ಮದುವೆಯ ವಿಚಾರವನ್ನೋ ಮನೆಗೆ ಸುಣ್ಣ ಹೊಡೆಸುವ ವಿಚಾರವನ್ನೋ ಹೇಳುತ್ತಿರುತ್ತಾರೆ. ನಾನು ಮಾತ್ರ ಆ ವಾಕ್ಯದ ಬಾಲ ಯಾವಾಗ ಬರುತ್ತದೋ ಎಂದು ಉಸಿರು ಬಿಗಿಹಿಡಿದು ಕೂತಿರುತ್ತೇನೆ. ಇದೊಂದು ರೋಗವೇ ಸರಿ. ಗುಂಡ್ಲುಪೇಟೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದಾಗ ಅಂಟಿಸಿಕೊಂಡದ್ದು.

ತೊಂಬತ್ತರ ದಶಕದ ಮಾತು. ಮನೆ ಚಾಮರಾಜನಗರದಲ್ಲಿ, ಕೆಲಸ ಗುಂಡ್ಲುಪೇಟೆಯಲ್ಲಿ. ಕೆಲಸ ಅಂದೆನಲ್ಲ, ಆ ಪದವನ್ನು ಸ್ವಲ್ಪ ಸಡಿಲವಾಗಿ ಹಿಡಿದುಕೊಳ್ಳಿ. ಪ್ರತಿ ಏಪ್ರಿಲ್‌ನಲ್ಲಿ ಶಾಲೆ ಮುಚ್ಚುವ ದಿನ ನನ್ನನ್ನು ಬಿಡುಗಡೆ ಮಾಡುತ್ತಿದ್ದರು; ಜೂನ್‌ನಲ್ಲಿ ಹೊಸಬನ ಹಾಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು. ವರ್ಷ ವರ್ಷವೂ ಹೀಗೆ ಕೊಂಡಿ ಕಳಚಿಟ್ಟರೆ, ಇಷ್ಟು ವರ್ಷ ಸರ್ವೀಸಾಯಿತು, ಕಾಯಂ ಮಾಡಿ ಎಂದು ಯಾವ ಮೇಷ್ಟ್ರೂ ಕೇಳುವ ಹಾಗಿಲ್ಲ. ಹುಡುಗರಿಗೆ ಬೇಸಿಗೆ ರಜಾ, ನನಗೆ ಬೇಸಿಗೆ ವಜಾ.

ಶಾಲೆಯ ಸೆಕ್ರೆಟರಿ ಅರಿಸಿನದ ಮಂಡಿ ಇಟ್ಟಿದ್ದವರು. ಒಳ್ಳೆಯ ಮನುಷ್ಯ, ಅದೇ ತೊಂದರೆ. ಕೆಟ್ಟವರಾಗಿದ್ದರೆ ನಾನು ಎರಡನೇ ವರ್ಷವೇ ಕೈಮುಗಿದು ಹೊರಟಿರುತ್ತಿದ್ದೆ. ಪ್ರತಿ ಬೇಸಿಗೆಯಲ್ಲೂ ಮಂಡಿಗೆ ಕರೆಸಿ, ಕಾಫಿ ತರಿಸಿ, ಬಲು ವಿಶ್ವಾಸದಿಂದ ಹೇಳುತ್ತಿದ್ದರು: ರಜೆ ಕಳೆದ ಮೇಲೆ, ಕಮಿಟಿ ಸೇರಿದ ಮೇಲೆ, ದೇವರ ದಯದಿಂದ ಸರ್ಕಾರದ ಗ್ರಾಂಟ್ ಬಂದ ಮೇಲೆ, ನಿಮ್ಮ ವಿಚಾರ ನೋಡಬಹುದು. ಒಂದೊಂದು 'ಮೇಲೆ'ಗೂ ನಾನು ಒಂದೊಂದು ಮೆಟ್ಟಿಲು ಹತ್ತುತ್ತಿದ್ದೆ. ಹತ್ತಿ ನೋಡಿದರೆ ತುದಿಯಲ್ಲಿ ಒಂದು 'ಬಹುದು'. ಕೂರುವುದಕ್ಕೆ ಮಣೆಯೂ ಇಲ್ಲ.

ಇಂಗ್ಲಿಷಿನಲ್ಲಿ ಈ ಆಟ ಇಷ್ಟು ಸಲೀಸಲ್ಲ. ಅಲ್ಲಿಯೂ ವಾಕ್ಯದ ಮುಂದೆ 'ರಜೆ ಕಳೆದ ಮೇಲೆ' ಎಂಬಂಥ ತೋರಣ ಕಟ್ಟಬಹುದು. ಆದರೆ ತೋರಣ ದಾಟಿದ ಕೂಡಲೇ ಯಾರು ಎಂದು ಹೇಳಬೇಕು. ಅವರ ಹೆಗಲ ಮೇಲೇ ವಿಲ್ಲೋ ಮೇಯೋ ಮಸ್ಟೋ ಕೂತಿರುತ್ತದೆ. ಮಾಡುತ್ತಾರೋ, ಮಾಡಿದರೂ ಮಾಡಬಹುದೋ, ಮಾಡಲೇಬೇಕೋ ಎನ್ನುವುದು ಕೆಲಸದ ಹೆಸರು ಬರುವ ಮೊದಲೇ ಗೊತ್ತಾಗಿಬಿಡುತ್ತದೆ. ಬಸ್ಸಿನ ಹಣೆಗೇ ಬೋರ್ಡು ಹಾಕಿದ ಹಾಗೆ. ನಮ್ಮ ಕನ್ನಡದಲ್ಲಿ ಬೋರ್ಡು ಬಸ್ಸಿನ ಹಿಂದೆ. ಊಟಿಗೋ ಮೈಸೂರಿಗೋ ಎನ್ನುವುದು ಇಳಿದ ಮೇಲೆ ತಿಳಿಯುತ್ತದೆ. ಸಾಲದ್ದಕ್ಕೆ 'ನೋಡಬಹುದು' ಎಂದರೆ ಯಾರು ನೋಡುವುದು? ಸೆಕ್ರೆಟರಿಯವರೋ, ಕಮಿಟಿಯೋ, ಮೇಲಿರುವ ದೇವರೋ? ಕನ್ನಡ ಆ ಪ್ರಶ್ನೆಯನ್ನು ಕೇಳುವುದೇ ಇಲ್ಲ. ತಾಯಿಭಾಷೆ, ಮಕ್ಕಳನ್ನೆಲ್ಲ ಕಾಪಾಡುತ್ತದೆ, ಸೆಕ್ರೆಟರಿಯವರನ್ನು ಒಂದು ಕೈ ಹೆಚ್ಚಾಗಿ.

ಇದೇ ಪಾಠವನ್ನು ಒಂದು ದಿನ ಒಂಬತ್ತನೇ ಕ್ಲಾಸಿಗೆ ಮಾಡುತ್ತಿದ್ದೆ. ಬಂಡೀಪುರದ ಕಾಡಂಚಿನಿಂದ ಬರುತ್ತಿದ್ದ ಹುಡುಗನೊಬ್ಬ, ರಾತ್ರಿ ಹೊತ್ತು ಆನೆಗಳು ನಮ್ಮ ಹೊಲಕ್ಕೆ ಬರುತ್ತವೆ ಎಂದು 'ವಿಲ್' ಹಾಕಿ ಬರೆದಿದ್ದ. ಆನೆ ಏನು ನಿನಗೆ ಹೇಳಿ ಬರುತ್ತದೇನೋ, 'ಮೇ' ಹಾಕು, ಬರಬಹುದು ಅನ್ನು ಎಂದು ತಿದ್ದಿದೆ. ಅವನು ಒಪ್ಪಲಿಲ್ಲ. "ಬರ್ಬೋದು ಅಲ್ಲ ಸಾ, ಬಂದೇ ಬತ್ತವೆ" ಎಂದ. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ನಗುತ್ತಲೇ ಆನೆಗಳ ಬಗ್ಗೆ ನನಗೆ ಗೌರವ ಹೆಚ್ಚಾಯಿತು.

ಅಷ್ಟರಲ್ಲಿ ನಮ್ಮ ಚಾಮರಾಜನಗರಕ್ಕೇ ಈ ರೋಗ ಹತ್ತಿತು. ಮೈಸೂರಿನಿಂದ ಬೇರೆಯಾಗಿ ನಮ್ಮದು ಜಿಲ್ಲೆಯಾಗುತ್ತದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಊರಿನಲ್ಲಿ ಯಾರು ಬಾಯಿ ಬಿಟ್ಟರೂ 'ಜಿಲ್ಲೆ ಆದ ಮೇಲೆ' ಎಂದೇ ಶುರು. ಜಿಲ್ಲೆ ಆದ ಮೇಲೆ ರೈಲು ಹೆಚ್ಚಾಗಬಹುದು, ರೇಷ್ಮೆಗೆ ಒಳ್ಳೆ ರೇಟು ಸಿಗಬಹುದು, ನಲ್ಲಿಯಲ್ಲಿ ದಿನಾ ನೀರು ಬರಬಹುದು. ಕ್ಷೌರದಂಗಡಿಯವನೂ ಜಿಲ್ಲೆ ಆದ ಮೇಲೆ ಸುತ್ತುವ ಕುರ್ಚಿ ತರಿಸುವವನಿದ್ದ. ಸೆಕ್ರೆಟರಿಯವರ ತೋರಣಕ್ಕೂ ಒಂದು ಹೊಸ ಮಾವಿನೆಲೆ ಸಿಕ್ಕಿತು. ಜಿಲ್ಲೆ ಆದ ಮೇಲೆ ಆಫೀಸುಗಳೆಲ್ಲ ಹತ್ತಿರವೇ ಬರುತ್ತವಲ್ಲ ಮೇಷ್ಟ್ರೆ, ಆಗ ನಿಮ್ಮದು ಸುಲಭವಾಗಿ ಆಗಬಹುದು ಎಂದರು. ನಾನು ನಂಬಿದೆ. ನಂಬದೆ ಏನು ಮಾಡಲಿ, ಬೇರೆ ಕಡೆ ಅರ್ಜಿ ಹಾಕುವ ವಯಸ್ಸು ಈ ಕಾಯುವಿಕೆಯಲ್ಲೇ ದಾಟಿಹೋಗಿತ್ತು.

ನಂಬದೆ ಇದ್ದವಳು ಒಬ್ಬಳೇ, ನನ್ನ ಹೆಂಡತಿ ಸರೋಜ. ಉಡಿಗಾಲದ ಬೇಸಾಯದ ಮನೆಯ ಹೆಣ್ಣು. ನಾನು ಮಂಡಿಯಿಂದ ಬಂದು ಕಮಿಟಿ, ಗ್ರಾಂಟ್, ಜಿಲ್ಲೆ ಎಂದೆಲ್ಲ ಕಥೆ ಬಿಚ್ಚಿದರೆ ಪೂರ್ತಿ ಕೇಳುವ ತಾಳ್ಮೆ ಅವಳಿಗಿರಲಿಲ್ಲ. "ಅದೆಲ್ಲ ಇರ್ಲಿ ಬುಡಿ. ಆಯ್ತದೊ ಇಲ್ವೊ?" ಎನ್ನುತ್ತಿದ್ದಳು. ಇವಳಿಗೆ ಭಾಷೆಯ ಸೂಕ್ಷ್ಮ ತಿಳಿಯದು ಎಂದು ನಾನು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಈ ನಡುವೆ ಸೆಕ್ರೆಟರಿಯವರಿಗೆ ಇಂಗ್ಲಿಷ್ ಭಾಷಣದ ಹುಚ್ಚು ಹಿಡಿಯಿತು. ಶಾಲೆಗೆ ದೊಡ್ಡ ದೊಡ್ಡ ಅಧಿಕಾರಿಗಳು ಬರುವವರು, ನಾಲ್ಕು ಮಾತು ಇಂಗ್ಲಿಷಿನಲ್ಲಿ ಆಡದಿದ್ದರೆ ಹೇಗೆ? ಸಂಜೆ ಸ್ಕೂಲು ಬಿಟ್ಟ ಮೇಲೆ ಅರಿಸಿನದ ಮೂಟೆಗಳ ನಡುವೆ ಕೂತು ನಾನೇ ಕಲಿಸಿದೆ. ಶಿಷ್ಯ ಚುರುಕು. ತೋರಣ ಕಟ್ಟುವುದು ಮೊದಲೇ ಬರುತ್ತಿತ್ತು, ಅದರ ಹಿಂದೆ ಮಸ್ಟು, ಶುಡ್ಡು, ನೀಡ್ ನಾಟುಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವುದಷ್ಟೇ ಬಾಕಿ. ಬಾಯಿಗೆ ಬಂದ ಒಂದೊಂದು ವಾಕ್ಯಕ್ಕೂ ನಾನು ಕ್ಲಾಸಿನಲ್ಲಿ ಅನ್ನುವ ಹಾಗೆ ವೆರಿ ಗುಡ್ ಅನ್ನುತ್ತಿದ್ದೆ. ಬಟ್ಟೆಯೆಲ್ಲ ಅರಿಸಿನದ ವಾಸನೆ ಹೊತ್ತು ಮನೆಗೆ ಬರುತ್ತಿದ್ದೆ.

ಕೊನೆಗೂ ಜಿಲ್ಲೆ ಆಯಿತು. ಪಟಾಕಿ ಹೊಡೆದರು, ಲಾಡು ಹಂಚಿದರು. ನಂಬಿದರೆ ನಂಬಿ, ಶಾಲೆಗೆ ಗ್ರಾಂಟೂ ಬಂತು. ಇಂಗ್ಲಿಷ್ ಮೇಷ್ಟ್ರ ಜಾಗ ಕಾಯಂ ಎಂದು ಮಂಜೂರಾಯಿತು. ಇಂಟರ್‌ವ್ಯೂ ಬೆಂಚಿನಲ್ಲಿ ನನಗಿಂತ ಮೊದಲೇ ಒಬ್ಬ ಯುವಕ ಕೂತಿದ್ದ, ತಲೆಗೆ ಒಳ್ಳೆ ಎಣ್ಣೆ ಹಾಕಿ ಬಾಚಿದ್ದ. ಬಹಳ ವಿನಯವಂತ, ಎದ್ದು ನನಗೆ ಜಾಗ ಬಿಟ್ಟುಕೊಟ್ಟ. ಆಮೇಲೆ ತಿಳಿಯಿತು, ಸೆಕ್ರೆಟರಿಯವರ ಕಿರಿಯ ಅಳಿಯ. ಅವನು ಬಿಟ್ಟುಕೊಟ್ಟದ್ದು ಆ ಬೆಂಚಿನ ಜಾಗ ಒಂದನ್ನೇ.

ಅವತ್ತೇ ಸಂಜೆ ಮಂಡಿಗೆ ಕರೆ ಬಂತು. ಕಾಫಿಯೂ ಬಂತು. ಸೆಕ್ರೆಟರಿಯವರು ನನ್ನ ಮುಖ ನೋಡಲಿಲ್ಲ, ಮೂಟೆಗಳ ಕಡೆ ನೋಡುತ್ತ ಕೂತರು. ಇಷ್ಟು ವರ್ಷ ನನ್ನ ಹತ್ತಿರ ಈ ವಿಚಾರವನ್ನು ಕನ್ನಡದಲ್ಲೇ ಆಡಿದವರು, ಅವತ್ತು ಗಂಟಲು ಸರಿಮಾಡಿಕೊಂಡು ಇಂಗ್ಲಿಷಿಗೆ ಹತ್ತಿದರು. "ಅಂಡರ್ ದಿ ಸರ್ಕಮ್‌ಸ್ಟ್ಯಾನ್ಸಸ್, ಫ್ರಮ್ ಜೂನ್, ಯು ನೀಡ್ ನಾಟ್ ಕಮ್." ಸದ್ಯದ ಪರಿಸ್ಥಿತಿಯಲ್ಲಿ, ಜೂನ್‌ನಿಂದ, ನೀವು ಬರಬೇಕಾಗಿಲ್ಲ.

ನಾನು ಏನನ್ನಬೇಕಿತ್ತು? ಅನ್ಯಾಯ ಅನ್ನಬೇಕಿತ್ತು. ಲೋಟ ಕುಕ್ಕಿ ಏಳಬೇಕಿತ್ತು. ಆದರೆ ಬಿ.ಎ. ಮಾಡಿದವರೇ 'ನೀಡ್ ನಾಟ್' ಆದ ಮೇಲೆ ಒಂದು 'ಟು' ತುರುಕಿ ಎಡವುವ ಜಾಗದಲ್ಲಿ ಈ ಮನುಷ್ಯ ಒಂದು ತಪ್ಪೂ ಮಾಡಿರಲಿಲ್ಲ. ನನ್ನ ನಾಲಿಗೆ ಅದರ ಪಾಡಿಗೆ ಅದು, "ವೆರಿ ಗುಡ್" ಎಂದುಬಿಟ್ಟಿತು.

ಅವರ ಮುಖ ಅರಳಿತು. ನನ್ನ ಕೆಲಸ ತೆಗೆದದ್ದನ್ನು ಅವರು ಆ ಕ್ಷಣಕ್ಕೆ ಮರೆತೇಬಿಟ್ಟರು ಎಂದು ಕಾಣುತ್ತದೆ. "ಸರಿಯಾಗಿ ಬಂತಾ ಮೇಷ್ಟ್ರೆ?" ಎಂದು ಆಸೆಯಿಂದ ಕೇಳಿದರು. ಸರಿಯಾಗೇ ಬಂತು ಎಂದೆ. ಹಾಗಾದರೆ ನಮ್ಮ ಅಳಿಯಂದಿರಿಗೂ ಒಂದೆರಡು ತಿಂಗಳು ಹೇಳಿಕೊಡಿ, ಆಮೇಲೆ ನಿಮಗೂ ಏನಾದರೂ ನೋಡಬಹುದು ಎಂದರು. ಆಗುವುದಿಲ್ಲ ಎಂದು ಎದ್ದೆ. ಅಷ್ಟು ಚಿಕ್ಕ ವಾಕ್ಯವನ್ನು ನಾನು ಆ ಮಂಡಿಯಲ್ಲಿ ಅದುವರೆಗೆ ಆಡಿರಲಿಲ್ಲ. ಹತ್ತು ವರ್ಷ ಮೊದಲೇ ಆಡಿದ್ದರೆ ಚೆನ್ನಾಗಿತ್ತು.

ಬಸ್ಸಿನಲ್ಲಿ ತೆರಕಣಾಂಬಿ ದಾಟುವವರೆಗೂ ಸರೋಜಳಿಗೆ ಹೇಗೆ ಹೇಳುವುದು ಎಂದು ವಾಕ್ಯ ಹೊಂದಿಸಿದೆ. ಮನೆಗೆ ಬಂದಾಗ ಅವಳು ಸೊಪ್ಪು ಸೋಸುತ್ತಿದ್ದಳು. ಕಮಿಟಿಯವರ ಅಭಿಪ್ರಾಯದ ಪ್ರಕಾರ, ಎಂದು ಶುರುಮಾಡಿದೆ. ಅವಳು ತಲೆ ಎತ್ತಿ ನೋಡಿದಳು, ಅಷ್ಟೇ. ನನ್ನ ತೋರಣವೆಲ್ಲ ಕಳಚಿ ಬಿತ್ತು. ಕೆಲಸ ಹೋಯಿತು ಎಂದೆ.

"ಓಗಾಕೆ ಅದು ಯಾವತ್ತು ಬಂದಿತ್ತು?" ಎಂದಳು.

ಬೈಯಲಿಲ್ಲ, ಅಳಲಿಲ್ಲ. ಸೊಪ್ಪು ಪಕ್ಕಕ್ಕಿಟ್ಟು ಎದ್ದು ಒಲೆಯ ಮೇಲೆ ಎಸರಿಟ್ಟಳು. ಇಲ್ಲದ ಕೆಲಸವನ್ನು ಕಳೆದುಕೊಂಡು ಬಂದವನಿಗೂ ಹಸಿವೆಯಾಗುತ್ತದೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾನು ಕೈಕಾಲು ತೊಳೆದು ಬಂದು ತಟ್ಟೆಯ ಮುಂದೆ ಕೂತೆ, ಮುದ್ದೆ ಬಿಸಿಯಾಗಿತ್ತು, ತಿಂದೆ.