ಬಲಗೆನ್ನೆಯ ಗುಳಿ

ನಮ್ಮ ಬೀದಿಯ ತಿರುವಿನಲ್ಲಿದ್ದ ಕಟಿಂಗ್ ಶಾಪಿನಲ್ಲಿ ಎರಡೇ ಕುರ್ಚಿಗಳಿದ್ದವು. ಎಡಗಡೆಯದು ಅಣ್ಣನದು, ಬಲಗಡೆಯದು ತಮ್ಮನದು. ತಮ್ಮನನ್ನು ಇಡೀ ಬೀದಿ ರೇಡಿಯೋ ಎಂದು ಕರೆಯುತ್ತಿತ್ತು. ಬೆಳಿಗ್ಗೆ ಶಟರ್ ಎತ್ತಿದಾಗ ಶುರುವಾದ ಬಾಯಿ ಸಂಜೆ ಶಟರ್ ಎಳೆದಾಗಲೇ ನಿಲ್ಲುತ್ತಿತ್ತು. ಅಣ್ಣನಿಗೆ ಯಾರೂ ಅಡ್ಡಹೆಸರು ಇಟ್ಟಿರಲಿಲ್ಲ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು. ಗಿರಾಕಿ ತಲೆ ತಿರುಗಿಸಬೇಕಾದರೆ ಅವರು ಎರಡು ಬೆರಳಿನಿಂದ ಭುಜ ತಟ್ಟುತ್ತಿದ್ದರು, ಅಷ್ಟೇ.

ರೇಡಿಯೋ ನನ್ನ ಹತ್ತಿರ ಎರಡು ವರ್ಷ ಓದಿದವನು. ತರಗತಿಯಲ್ಲಿ ಅವನ ಬಾಯಿ ಮುಚ್ಚಿಸುವುದು ನನ್ನಿಂದ ಆಗಿರಲಿಲ್ಲ. ಆಮೇಲೆ ಮೂವತ್ತೈದು ವರ್ಷ ಅವನ ಕುರ್ಚಿಯಲ್ಲಿ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕುಳಿತು ಅದರ ಫಲವನ್ನು ಉಂಡೆ. ಅವನಿಗೆ ಬಹಳ ಇಷ್ಟವಾದ ಕಥೆಯೊಂದಿತ್ತು. ನನಗೇ ನೂರು ಸಲ ಹೇಳಿರಬೇಕು.

“ಒಂದಿನ ಏನಾಯ್ತು ಗೊತ್ತಾ ಮೇಷ್ಟ್ರೇ, ಒಬ್ಬ ಲಾರಿ ಡ್ರೈವರ್ ಬಂದು ಅಣ್ಣನ ಕುರ್ಚೀಲಿ ಕೂತ. ಕತ್ತರಿ ಸದ್ದಿಗೇ ಗೊರಕೆ ಶುರು. ಕಟಿಂಗ್ ಮುಗೀತು. ಎಬ್ಬಿಸ್ಬೇಕೋ ಬೇಡ್ವೋ? ನಮ್ಮಣ್ಣ ಎಬ್ಬಿಸ್ಲಿಲ್ಲ! ಟವೆಲ್ ಹಿಡ್ಕೊಂಡು ಒಂದೂವರೆ ಗಂಟೆ ಹಿಂದೆ ನಿಂತಿದ್ದ, ಲೈಟುಕಂಬದ ಹಾಗೆ. ಬೆಂಚಿನ ಮೇಲೆ ಆರು ಜನ ಕಾಯ್ತಿದ್ದಾರೆ. ಕೊನೆಗೆ ಆ ಡ್ರೈವರ್ ಕಣ್ಬಿಟ್ಟು, ಗಡಿಯಾರ ನೋಡಿ, ‘ಏನ್ರೀ, ಒಂದು ತಲೆಗೆ ಇಷ್ಟೊತ್ತಾ?’ ಅಂತ ರೇಗಿದ. ಅಣ್ಣ ಏನಂದ ಹೇಳಿ?”

“ಏನಂದರು?” ಎಂದು ನಾನು ನೂರನೆಯ ಸಲವೂ ಕೇಳುತ್ತಿದ್ದೆ.

“‘ತಲೆ ದೊಡ್ಡದು’ ಅಂದ!”

ಅಂಗಡಿಯೆಲ್ಲ ನಗುತ್ತಿತ್ತು. ಅಣ್ಣ ಮಾತ್ರ ತಮಗೆ ಸಂಬಂಧವೇ ಇಲ್ಲವೆಂಬಂತೆ ಬ್ರಷ್ ತೊಳೆಯುತ್ತಿದ್ದರು. ಅವರ ನಗು ತಡ. ಮಂಗಳವಾರ ಹೇಳಿದ ಜೋಕಿಗೆ ಗುರುವಾರ ನಗುತ್ತಿದ್ದರು. ಯಾರದೋ ಗಲ್ಲಕ್ಕೆ ನೊರೆ ಹಚ್ಚುತ್ತಿರುವಾಗ ಇದ್ದಕ್ಕಿದ್ದಂತೆ ಭುಜ ಕುಲುಕಲು ಶುರುವಾಗುತ್ತಿತ್ತು. ಹೊಸ ಗಿರಾಕಿಗಳು ತಮ್ಮ ಮುಖದಲ್ಲೇ ಏನೋ ಎಡವಟ್ಟಾಗಿದೆಯೆಂದು ಕನ್ನಡಿಯ ಕಡೆ ಬಗ್ಗುತ್ತಿದ್ದರು. “ಗಾಬರಿ ಆಗ್ಬೇಡಿ ಸ್ವಾಮಿ, ಅದು ಮೊನ್ನೆದು,” ಎಂದು ರೇಡಿಯೋ ಸಮಾಧಾನ ಹೇಳುತ್ತಿದ್ದ.

ಅಂಗಡಿಯ ಮೇಲೆಯೇ ಎರಡು ಕೋಣೆಯ ಮನೆ. ಅಣ್ಣ, ಅತ್ತಿಗೆ, ರೇಡಿಯೋ ಮೂವರೂ ಅಲ್ಲೇ ಇದ್ದರು. ಅಣ್ಣನ ಮಗಳು ಮದುವೆಯಾಗಿ ಬೇರೆ ಊರಿನಲ್ಲಿದ್ದಳು. ರೇಡಿಯೋ ಮದುವೆಯಾಗಲಿಲ್ಲ. “ಇವನ ಜೊತೆ ಬಾಳೋಕೆ ಹೆಣ್ಣಿಗೆ ಕಿವಿ ಮಂದ ಇರಬೇಕು,” ಎಂದು ಅತ್ತಿಗೆ ಹಾಸ್ಯ ಮಾಡುತ್ತಿದ್ದರು. ಅವನಿಗೆ ಹತ್ತು ವರ್ಷವಾಗಿದ್ದಾಗ ಆ ಮನೆಗೆ ಬಂದವರು, ಅವನನ್ನು ಬೆಳೆಸಿದವರೂ ಅವರೇ.

ಅಣ್ಣತಮ್ಮಂದಿರು ಬೇರೆ ಯಾರ ಕೈಗೂ ತಮ್ಮ ಮುಖ ಕೊಟ್ಟವರಲ್ಲ. ದಿನವೂ ಅಂಗಡಿ ತೆರೆಯುವ ಮೊದಲು ಒಬ್ಬರಿಗೊಬ್ಬರು ಗಡ್ಡ ಹೆರೆಯುತ್ತಿದ್ದರು. ಅಣ್ಣನ ಬಲಗೆನ್ನೆಯಲ್ಲಿ ಒಂದು ಗುಳಿಯಿತ್ತು, ಒಂದು ಕಡಲೆಕಾಳು ಕೂರುವಷ್ಟು. ಚಿಕ್ಕಂದಿನಲ್ಲಿ ರೇಡಿಯೋ ಎಸೆದ ಕಲ್ಲಿನ ಗುರುತು. ಮನೆಯಲ್ಲಿ ಕೇಳಿದಾಗ ಅಣ್ಣ “ಬಾಗಿಲು ತಾಗಿತು” ಎಂದಿದ್ದರಂತೆ. ಬ್ಲೇಡು ಆ ಗುಳಿಯ ಮೇಲೆ ಹಾದುಹೋದರೆ ಒಳಗಿನ ಕೂದಲು ಹಾಗೆಯೇ ಉಳಿಯುತ್ತದೆ. ಹೊರಗಿನಿಂದ ಚರ್ಮವನ್ನು ಎಷ್ಟು ಎಳೆದರೂ ಪ್ರಯೋಜನವಿಲ್ಲ. ಬಾಯೊಳಗಿನಿಂದ ನಾಲಿಗೆಯಲ್ಲಿ ಒತ್ತಿ ಅದನ್ನು ಉಬ್ಬಿಸಬೇಕು. ಅಣ್ಣ ಒತ್ತುತ್ತಿದ್ದರು, ಯಾರಿಂದಲೂ ಹೇಳಿಸಿಕೊಳ್ಳದೆ, ಬ್ಲೇಡು ಅಲ್ಲಿಗೆ ಬರುವ ಕ್ಷಣಕ್ಕೆ ಸರಿಯಾಗಿ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೈಯಲ್ಲಿ ಕತ್ತರಿ ಹಿಡಿದಿದ್ದಂತೆಯೇ ಅಣ್ಣ ಕುಸಿದರು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಎರಡು ತಿಂಗಳು ಆಸ್ಪತ್ರೆಯಲ್ಲಿದ್ದು, ಮೂಗಿಗೆ ಆಹಾರದ ನಳಿಕೆ ಹಾಕಿಸಿಕೊಂಡು ಮನೆಗೆ ಬಂದರು. ಬೆಳಿಗ್ಗೆ ಕಣ್ಣು ತೆರೆಯುತ್ತಿದ್ದರು, ರಾತ್ರಿ ಮುಚ್ಚುತ್ತಿದ್ದರು. ತೆರೆದ ಕಣ್ಣು ಯಾರನ್ನೂ ನೋಡುತ್ತಿರಲಿಲ್ಲ.

ಡಾಕ್ಟರಮ್ಮ ಒಳ್ಳೆಯವರು. ಬಿಡಿಸಿ ಹೇಳಿದರು. “ಚಿವುಟಿದ್ರೆ ಕೈ ಎಳ್ಕೋತಾರೆ, ಆಕಳಿಸ್ತಾರೆ. ಅದೆಲ್ಲ ಶರೀರ ತಾನಾಗೇ ಮಾಡ್ಕೊಳ್ಳೋ ಕೆಲಸ. ಒಳಗೆ ಅವರಿದ್ದಾರಾ ಅಂತ ಕೇಳಿದ್ರೆ, ನಮ್ಮ ಪರೀಕ್ಷೆಗೆ ಸಿಕ್ಕಿಲ್ಲ.”

“ಅಂದ್ರೆ ಇಲ್ಲ ಅಂತಾನಾ?” ಎಂದರು ಅತ್ತಿಗೆ.

“ಇಲ್ಲ ಅಂತ ಹೇಳ್ತಿಲ್ಲಮ್ಮ. ಸಿಕ್ಕಿಲ್ಲ ಅಂತ ಹೇಳ್ತಿದ್ದೀನಿ.”

ರೇಡಿಯೋ ದಿನಾ ಬೆಳಿಗ್ಗೆ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಅಣ್ಣನ ಗಡ್ಡ ಹೆರೆಯುತ್ತಿದ್ದ. ಬಿಸಿನೀರಿನ ಬಟ್ಟೆ, ನೊರೆ, ಬ್ಲೇಡು, ಕೊನೆಗೆ ಪಟಿಕದ ಕಲ್ಲು, ಯಾವುದನ್ನೂ ಬಿಡುತ್ತಿರಲಿಲ್ಲ. ಬಾಯಿಯೂ ಬಿಡುವು ಕೊಡುತ್ತಿರಲಿಲ್ಲ. ನಿನ್ನೆ ಯಾರು ಬಂದಿದ್ದರು, ಯಾರ ಕೂದಲು ಉದುರುತ್ತಿದೆ, ಮೇಷ್ಟ್ರು ಏನಂದರು, ಎಲ್ಲವೂ ವರದಿಯಾಗುತ್ತಿತ್ತು. ಅವನು ಕೆಳಗಿಳಿದ ಮೇಲೆ ಅತ್ತಿಗೆ ಬಂದು ಗಂಡನ ಕೆನ್ನೆ ಸವರಿ ನೋಡುತ್ತಿದ್ದರು. ಎಲ್ಲ ಕಡೆ ನುಣುಪು, ಗುಳಿಯಲ್ಲಿ ಮಾತ್ರ ಬೆರಳಿಗೆ ಚುಚ್ಚುವ ಕೂದಲು.

ಐದನೆಯ ತಿಂಗಳಿನಲ್ಲಿ ಒಂದು ದಿನ ಅತ್ತಿಗೆ ಮಹಡಿಯ ಮೆಟ್ಟಿಲಿನಿಂದಲೇ ಕೂಗಿದರು. ಅವನು ಓಡಿಹೋದ.

“ಮುಟ್ಟಿ ನೋಡೋ! ಗುಳಿ ನುಣ್ಣಗಿದೆ!”

ಮುಟ್ಟಿದ. ಹೌದು, ನುಣ್ಣಗಿತ್ತು.

“ನಾಲಿಗೆ ಒತ್ತಿದ್ರಾ? ನೋಡಿದ್ಯಾ ನೀನು?”

ರೇಡಿಯೋಗೆ ನೆನಪಾಗಲಿಲ್ಲ. “ನಾನು ಮಾತಾಡ್ತಾ ಇದ್ದೆ ಅತ್ತಿಗೆ. ಕೈ ಅದರ ಪಾಡಿಗೆ ಅದು ಹೋಯ್ತು. ನೋಡ್ಲೇ ಇಲ್ಲ.”

“ನಿನ್ನ ಬಾಯಿಗೆ ಬೀಗ ಹಾಕ! ಅದೊಂದು ಗಳಿಗೆ ನೋಡಬಾರದಿತ್ತಾ?” ಎಂದು ಅತ್ತಿಗೆ ಅಲ್ಲೇ ಮಂಚದ ಪಕ್ಕ ಕುಳಿತು ಅತ್ತರು.

ಡಾಕ್ಟರಮ್ಮನನ್ನು ಕೇಳಿದ್ದಾಯಿತು. ವಸಡು ಬಾತು ಕೆನ್ನೆ ಉಬ್ಬಿರಬಹುದು, ನಾಲಿಗೆ ತಾನಾಗಿ ಹೊರಳಿರಬಹುದು ಎಂದರು. “ಇನ್ನೊಂದು ಸಲ ಆದ್ರೆ ತಿಳಿಸಿ,” ಎಂದೂ ಸೇರಿಸಿದರು.

ಅದೇ ವಾರ ಅಳಿಯನ ಫೋನು ಬಂತು. ಮಗಳು ಬಸುರಿ, ತೊಂದರೆಯಿದೆ, ಹೆರಿಗೆಯವರೆಗೆ ಮಂಚ ಬಿಟ್ಟು ಏಳಕೂಡದು ಎಂದಿದ್ದಾರೆ, ಅತ್ತೆ ಬಂದು ಇರಬೇಕು. ಅತ್ತಿಗೆ ಹೋದರೆ ಅಣ್ಣನನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿರಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಳಿಕೆಯಲ್ಲಿ ಆಹಾರ ಬಿಡಬೇಕು, ಅಂಗಡಿಯನ್ನೂ ನಡೆಸಬೇಕು. ಆಸ್ಪತ್ರೆಯಲ್ಲಿ ಇಂಥವರಿಗೆಂದೇ ಒಂದು ವಾರ್ಡು ಇತ್ತು. ಅಲ್ಲಿಗೆ ಸೇರಿಸಬೇಕಾಗುತ್ತಿತ್ತು.

ಅತ್ತಿಗೆ ಮೈದುನನನ್ನು ಎದುರಿಗೆ ಕೂರಿಸಿಕೊಂಡರು. “ನೋಡು, ನಾನು ಪಕ್ಕದಲ್ಲಿರೋದು ಅವರಿಗೆ ಗೊತ್ತಾಗೋ ಹಾಗಿದ್ರೆ ಈ ಮಂಚ ಬಿಟ್ಟು ನಾನು ಅಲ್ಲಾಡಲ್ಲ, ಮಗಳು ಎಷ್ಟು ಬೈದ್ರೂ ಸರಿ. ಗೊತ್ತಾಗಲ್ಲ ಅಂದ್ರೆ ಗೊತ್ತಾಗೋಳ ಹತ್ರ ಹೋಗ್ತೀನಿ. ಇನ್ನು ಇಪ್ಪತ್ತು ದಿನಕ್ಕೆ ಅಳಿಯಂದಿರು ಬರ್ತಾರೆ. ನನ್ನ ಕಣ್ಣು ನಂಬೋಕಾಗಲ್ಲ, ನನಗೆ ಆಸೆ ಜಾಸ್ತಿ. ನಿನ್ನ ಕೈ ನಂಬ್ತೀನಿ. ನೀನು ನೋಡಿ ಹೇಳು.”

ಮರುದಿನದಿಂದ ರೇಡಿಯೋ ಬಾಯಿ ಮುಚ್ಚಿದ. ಉಸಿರು ಬಿಗಿಹಿಡಿದು, ಗುಳಿಯ ಮೇಲೆ ಕಣ್ಣು ನೆಟ್ಟು, ಬ್ಲೇಡನ್ನು ಅದರ ಅಂಚಿಗೆ ತಂದು ಕಾಯುತ್ತಿದ್ದ. ಎಣಿಸುತ್ತಿದ್ದ. ಇಪ್ಪತ್ತು, ಮೂವತ್ತು. ಏನೂ ಆಗುತ್ತಿರಲಿಲ್ಲ. ಬೆಳಗಿನ ಆ ಮೌನವನ್ನು ದಿನವಿಡೀ ಅವನಿಂದ ಕಳಚಿಡಲು ಆಗುತ್ತಿರಲಿಲ್ಲವೇನೋ, ಅಂಗಡಿಯಲ್ಲಿಯೂ ಮಾತು ನಿಂತುಹೋಯಿತು. ಬೆಂಚಿನ ಮೇಲೆ ಕುಳಿತವರು, “ಏನು, ರೇಡಿಯೋ ಕೆಟ್ಟಿದ್ಯಾ? ಸೆಲ್ ಹಾಕ್ಸೋ,” ಎಂದು ಕೆಣಕಿದರೂ ಅವನು ಮುಗುಳ್ನಕ್ಕು ಕತ್ತರಿ ಆಡಿಸುತ್ತಿದ್ದ. ಆ ದಿನಗಳಲ್ಲಿ ನನಗೆ ಮೊದಲ ಸಲ ಅವನ ಕತ್ತರಿಯ ಸದ್ದು ಕೇಳಿಸಿತು.

ಇಪ್ಪತ್ತನೆಯ ದಿನ ಅವನು ಬ್ಲೇಡು ತೊಳೆದಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

“ಇಲ್ಲ ಅತ್ತಿಗೆ.”

ಅತ್ತಿಗೆ ತೊಳೆಯುತ್ತಿದ್ದ ಲೋಟವನ್ನು ಪೂರ್ತಿ ತೊಳೆದು ಮಗುಚಿಟ್ಟರು. “ಸರಿ,” ಎಂದರು. ಹೊರಡುವ ಬೆಳಿಗ್ಗೆ ಗಂಡನ ಕೈಯನ್ನು ತಮ್ಮ ಕೆನ್ನೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕುಳಿತಿದ್ದರಂತೆ. ಆ ಕೈ ಬಿಸಿಯಾಗಿಯೇ ಇತ್ತು ಎಂದು ರೇಡಿಯೋ ನನಗೆ ಹೇಳಿದ.

ಅಣ್ಣ ವಾರ್ಡು ಸೇರಿದರು. ಕಿಟಕಿಯ ಪಕ್ಕದ ಮಂಚ. ರೇಡಿಯೋ ಎರಡು ದಿನಕ್ಕೊಮ್ಮೆ ಸಾಮಾನಿನ ಡಬ್ಬಿ ಹಿಡಿದುಕೊಂಡು ಹೋಗಿ, ಸದ್ದಿಲ್ಲದೆ ಗಡ್ಡ ಹೆರೆದು ಬರುತ್ತಿದ್ದ. ಕಾಯುವುದನ್ನು ಅವನು ಬಿಟ್ಟಿರಲಿಲ್ಲ. ‘ಇಲ್ಲ’ ಎಂದು ಹೇಳಿ ಆದಮೇಲೆ ಇನ್ನೂ ಯಾಕೆ ಕಾಯುತ್ತೀಯೆಂದು ನಾನು ಕೇಳಲಿಲ್ಲ. ಕೇಳಿದ್ದು ಬೇರೆಯ ಪ್ರಶ್ನೆ. ಆಗ ಅತ್ತಿಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ಭಾನುವಾರ ಬೆಳಿಗ್ಗೆ ಅವನ ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಕುಳಿತಿದ್ದೆ. ಸುಮ್ಮನಿರಲಾಗದೆ, ಹಳೆಯ ಚಾಳಿಯಂತೆ ಕೇಳಿಬಿಟ್ಟೆ.

“ಆ ಗುಳಿ ನುಣ್ಣಗಾದ ದಿನ ಏನಪ್ಪಾ ಮಾತಾಡ್ತಿದ್ದೆ?”

“ಇನ್ನೇನು, ಲಾರಿ ಡ್ರೈವರ್ ಕಥೆ,” ಎಂದು ಅವನು ಎಡಗೆನ್ನೆಯಲ್ಲಿ ಎರಡು ಸಲ ಬ್ಲೇಡು ಆಡಿಸಿದ. ಮೂರನೆಯ ಸಲಕ್ಕೆ ಎತ್ತಿದ ಕೈ ಕೆಳಗೆ ಬರಲಿಲ್ಲ. ಕನ್ನಡಿಯಲ್ಲಿ ನೋಡಿದೆ. ಅವನು ಬ್ಲೇಡನ್ನೇ ನೋಡುತ್ತಿದ್ದ.

“ಮೇಷ್ಟ್ರೇ, ಆಮೇಲೆ ನಾನು ಅವನ ಹತ್ರ ಮಾತೇ ಆಡಿಲ್ಲ.”

“ನೋಡಬೇಕಿತ್ತಲ್ಲಪ್ಪ, ಅದಕ್ಕೆ...”

“ನಲವತ್ತು ವರ್ಷ ಗಲಾಟೆಯಲ್ಲೇ ಇದ್ದವನು. ಆ ಗಲಾಟೆ ನಿಲ್ಲಿಸಿಬಿಟ್ಟು, ಇದ್ದೀಯಾ ಇದ್ದೀಯಾ ಅಂತ ಕಣ್ಣು ಕಿಸಿದು ನೋಡ್ತಾ ಕೂತೆನಲ್ಲ. ನಾನೇ ಇಲ್ಲ ಅಂತ ಅವನು ತಿಳ್ಕೊಂಡಿದ್ರೆ?”

ಅವನು ಬ್ಲೇಡನ್ನು ಡಬ್ಬಿಗೆ ಹಾಕಿಕೊಂಡು ನನ್ನ ಮುಖವನ್ನು ಅರ್ಧಕ್ಕೇ ಬಿಟ್ಟು ಆಸ್ಪತ್ರೆಯ ಕಡೆ ನಡೆದುಬಿಟ್ಟ. ಉಳಿದ ನೊರೆಯನ್ನು ನಾನೇ ಒರೆಸಿಕೊಂಡು, ಬೆಂಚಿನ ಮೇಲಿದ್ದ ಇಬ್ಬರನ್ನು ಕಳಿಸಿ, ಶಟರ್ ಎಳೆದು ಮನೆಗೆ ಹೋದೆ. ಆ ಪ್ರಶ್ನೆಯನ್ನು ಎರಡು ತಿಂಗಳ ಹಿಂದೆ ಕೇಳಿದ್ದರೆ ಎಂದು ಈಗಲೂ ಅನಿಸುತ್ತದೆ. ಕೇಳದೇ ಇದ್ದಿದ್ದರೆ ಎಂದೂ ಅನಿಸುತ್ತದೆ.

ಅಣ್ಣನಿಗೆ ಆಗಲೇ ಜ್ವರ ಏರಿತ್ತು, ಎದೆಯಲ್ಲಿ ಕಫ ಕಟ್ಟಿತ್ತು. ರೇಡಿಯೋ ಹೊರಗಿನವರನ್ನು ಕಳಿಸುವ ಗಂಟೆ ಹೊಡೆಯುವವರೆಗೆ ಮಾತಾಡಿದನಂತೆ. ಎರಡು ತಿಂಗಳಿಗೂ ಮೇಲಿನ ಬಾಕಿ ಸುದ್ದಿಯನ್ನೆಲ್ಲ ಹೇಳಿದ, ಲಾರಿ ಡ್ರೈವರನ ಕಥೆಯನ್ನು ಮೂರು ಸಲ ಹೇಳಿದ. ಪಕ್ಕದ ಮಂಚದವರ ಕಡೆಯವರು ನಕ್ಕರು. ಗುಳಿ ಮೇಲೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಅಣ್ಣ ಹೋಗಿಬಿಟ್ಟರು.

ಅತ್ತಿಗೆ ಮಧ್ಯಾಹ್ನದ ಬಸ್ಸಿಗೆ ಬಂದರು. ರೇಡಿಯೋ ಅಷ್ಟರಲ್ಲಿ ಕೊನೆಯ ಸಲ ಅಣ್ಣನ ಗಡ್ಡ ಹೆರೆದು, ಕೂದಲು ಬಾಚಿ, ಮುಖ ಒರೆಸಿ ಇಟ್ಟಿದ್ದ. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಅತ್ತಿಗೆ ಎಂದಿನಂತೆ ಕೆನ್ನೆ ಸವರಿದರು. ಬೆರಳು ಗುಳಿಯಲ್ಲಿ ನಿಂತಿತು. ಅಲ್ಲಿ ಕೂದಲಿತ್ತು. ಅವರು ತಲೆಯೆತ್ತಿ ಮೈದುನನನ್ನು ನೋಡಿದರು.

“ಅವತ್ತು ನೀನು ಹೇಳಿದ್ದು ನಿಜ ತಾನೇ?”

ಹೊಟ್ಟೆಯಲ್ಲಿ ಒಂದು ಮಾತು ನಿಲ್ಲದ ಮನುಷ್ಯ ಅವನು. ಈಗ ಎಲ್ಲವನ್ನೂ ಹೊರಗೆ ಸುರಿಯುತ್ತಾನೆಂದು ನನಗೆ ಭಯವಾಯಿತು.

“ನಿಜ ಅತ್ತಿಗೆ,” ಎಂದ. “ಅವನು ಅಂಗಡೀಲಿ ಕುಸಿದ ದಿನಾನೇ ಹೋಗಿದ್ದ. ನೀವು ಯಾರನ್ನೂ ಬಿಟ್ಟು ಹೋಗಲಿಲ್ಲ.”

ಅತ್ತಿಗೆ ಬಹಳ ಹೊತ್ತು ಅವನ ಮುಖವನ್ನೇ ನೋಡಿದರು. ಆಮೇಲೆ, “ಸರಿ,” ಎಂದರು. ನಂಬಿದರೋ, ಅವನಿಗಾಗಿ ನಂಬಿದಂತೆ ಮಾಡಿದರೋ ನನಗೆ ತಿಳಿಯದು. ನನ್ನಿಂದ ಮೂರು ಅಡಿ ದೂರದಲ್ಲಿದ್ದರು. ಕಣ್ಣು ತೆರೆದಿದ್ದರು. ಆದರೂ ಆ ಕಣ್ಣಿನಿಂದ ನನಗೆ ಏನೂ ಸಿಗಲಿಲ್ಲ.

ಈಗ ಅವರು ಮಗಳು, ಮೊಮ್ಮಗಳ ಜೊತೆಗಿದ್ದಾರೆ. ಅಂಗಡಿಯಲ್ಲಿ ಎಡಗಡೆಯ ಕುರ್ಚಿಗೆ ಬಟ್ಟೆ ಹೊದಿಸಿದೆ. ರೇಡಿಯೋ ಮತ್ತೆ ಮಾತಾಡುತ್ತಾನೆ, ಮೊದಲಿನಷ್ಟಲ್ಲ, ಗಿರಾಕಿಗಳು ಬೇಸರಪಡದಿರಲು ಬೇಕಾದಷ್ಟು. ಕಳೆದ ವಾರ ನಾನೇ ಕೇಳಿದೆ. “ಆ ಲಾರಿ ಡ್ರೈವರ್ ಕಥೆ ಹೇಳಪ್ಪ. ಕೇಳಿ ಬಹಳ ದಿನ ಆಯ್ತು.”

ಅವನು ನೊರೆ ಕಲೆಸುತ್ತಿದ್ದವನು ನಿಂತ.

“ಅದು ಬೇಡ ಮೇಷ್ಟ್ರೇ. ಆ ಭಾನುವಾರ ಆಸ್ಪತ್ರೇಲಿ ಅಣ್ಣಂಗೆ ಹೇಳಿದ್ದೆ. ಅವನಿಗೆ ನಗೋಕೆ ಎರಡು ದಿನ ಬೇಕಲ್ವಾ? ಇನ್ನೂ ನಕ್ಕಿಲ್ಲ.”

ಆಮೇಲೆ ಎರಡು ಬೆರಳಿನಿಂದ ನನ್ನ ಭುಜ ತಟ್ಟಿದ. ನಾನು ತಲೆ ತಿರುಗಿಸಿದೆ.