ಹೊಲದ ಮಣ್ಣಿನಲ್ಲಿ ಕಟ್ಟಿದ ಭಟ್ಟಿ

ಇವತ್ತು ಅಥಣಿ ರಸ್ತೆಯಲ್ಲಿ ಯಾರದೋ ಮನೆಗೆ ಪಾಯ ತೋಡುತ್ತಿದ್ದರು. ಒದ್ದೆ ಎರೆಮಣ್ಣಿನ ವಾಸನೆಗೆ ನಿಂತುಬಿಟ್ಟೆ.

ನಾನು ಚಿಕ್ಕವಳಿದ್ದಾಗ, ನಮ್ಮೂರು ನಿಡೋಣಿಯ ಹೊಲವನ್ನು ದೊಡ್ಡಪ್ಪನಿಗೆ ಬಿಟ್ಟು ಬಂದ ಅಪ್ಪ ಇಬ್ರಾಹಿಂಪುರದಲ್ಲಿ ಬೇಕರಿ ಕಟ್ಟಲು ಹೊರಟಿದ್ದ. ಬ್ರೆಡ್ ಸುಡುವ ಭಟ್ಟಿಯೊಂದೇ ಇನ್ನು ನಮಗೆ ಆಸರೆ. ಅದರ ಇಟ್ಟಿಗೆ ಕೂಡಿಸಲು ಅದೇ ಹೊಲದ ಎರೆಮಣ್ಣನ್ನು ಚಕ್ಕಡಿಯಲ್ಲಿ ತರಿಸಿದ.

"ಇದು ಬ್ಯಾಡ್ರೀ ಧಣಿ, ಒಣಗಿದ್ರ ಬಾಯಿ ಬಿಡತೈತಿ," ಎಂದ, ಕಟ್ಟಲು ಬಂದ ಗೌಂಡಿ.

"ಮೂರು ತಲಿಮಾರು ಇದರಾಗ ಉಂಡೈತಿ. ನನ್ನ ಹೊಲದ ಮಣ್ಣಿಗೆ ಹೆಸರ ಇಡಬ್ಯಾಡಲೇ!"

ತಿಂಗಳಿಡೀ ಮನೆಮಂದಿಯೆಲ್ಲ ಇಟ್ಟಿಗೆ ಹೊತ್ತೆವು. ಅವ್ವನ ಅಂಗೈ ಸುಲಿದುಹೋಯಿತು. ಮೊದಲ ಬೆಂಕಿಗೇ ಭಟ್ಟಿ ಬಿರುಕುಬಿಟ್ಟು ಅರ್ಧ ಒಳಗೆ ಕುಸಿಯಿತು. ಅಪ್ಪ ಕುಕ್ಕರಿಸಿದವನು ಏಳಲೇ ಇಲ್ಲ.

ಅವ್ವ ಸೆರಗು ಸಿಕ್ಕಿಸಿ ಬಿದ್ದ ಇಟ್ಟಿಗೆ ಆರಿಸತೊಡಗಿದಳು. "ಇದರಾಗ ಜ್ವಾಳ ಬೆಳಿತೈತ್ರಿ, ಬ್ರೆಡ್ ಬೇಯಂಗಿಲ್ಲ. ಏಳ್ರಿ, ಕೆಂಪ ಮಣ್ಣ ತರೂಣು."

ಅಪ್ಪ ಎದ್ದ. ಆದರೆ ಬಿದ್ದ ಮಣ್ಣನ್ನು ತಿಪ್ಪೆಗೆ ಚೆಲ್ಲಲು ಬಿಡಲಿಲ್ಲ. ಬುಟ್ಟಿ ಬುಟ್ಟಿ ತುಂಬಿ, ಚಕ್ಕಡಿ ತರಿಸಿ, ಹೊಲಕ್ಕೇ ತಿರುಗಿ ಕಳಿಸಿದ. ಆಮೇಲೆ ಎರಡನೆಯ ಭಟ್ಟಿಗೆ ನೀರು ಸೇದಿದ.

"ಯಾರ್ ಬೇಕಾಗಿತ್ರಿ ಅಮ್ಮಾರ?" ಎಂದು ಪಾಯ ತೋಡುವವನು ಕೇಳಿದ. ಯಾರೂ ಇಲ್ಲಪ್ಪ ಎಂದು ಮುಂದೆ ನಡೆದೆ.