ಹುಣಸೆ ದಿಮ್ಮಿಯೊಳಗಿನ ಮೊಳೆ

ಅಣ್ಣಯ್ಯ, ಆ ಹುಣಸೆ ದಿಮ್ಮಿಯೊಳಗೆ ಮೊಳೆ ಇತ್ತು. ನನಗೆ ಗೊತ್ತಿತ್ತು. ನೀನು ಕೇಳಿದಾಗ ನಾನು ಇಲ್ಲ ಎಂದೆ — ಒಂದು ಸಲವಲ್ಲ, ಎರಡು ಸಲ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಇದನ್ನು ಹೇಗೆ ಜೋಡಿಸಿ ಹೇಳಬೇಕೋ ತಿಳಿಯದು. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ನೀನು ಮೈಸೂರಿನಲ್ಲಿ ಲೇತಿನ ಮೇಲೆ ಮರದ ಬಟ್ಟಲು, ಭರಣಿ ಕಡೆಯುವ ಕೆಲಸ ಕಲಿಯುತ್ತಿದ್ದ ಕಾಲ. ನಾನು ದೊಡ್ಡವಳಾದ ಹೊಸದರಲ್ಲಿ ಮೇಲಿಂದ ಮೇಲೆ ಮೈ ನಡುಗಿ ಎಚ್ಚರ ತಪ್ಪುತ್ತಿತ್ತು. ಗಾಳಿ ಸೋಕಿದೆ ಎಂದರು. ಅವ್ವ ನನ್ನನ್ನು ಕವಲಂದೆ ಹತ್ತಿರದ ನಮ್ಮ ಹೊಲದ ಹುಣಸೆಮರಕ್ಕೆ ಕರೆದೊಯ್ದಳು. ಮಂತ್ರ ಹಾಕುವವನೊಬ್ಬ ನನ್ನ ನೆತ್ತಿಯ ಕೂದಲನ್ನು ಕಬ್ಬಿಣದ ಮೊಳೆಗೆ ಸುತ್ತಿ ಬೊಡ್ಡೆಗೆ ಹೊಡೆದ. ದೆವ್ವ ಮರಕ್ಕೆ ಕಟ್ಟುಬಿತ್ತು ಎಂದ.

"ಇದ ಯಾರ್ಗೂ ಏಳ್ಬ್ಯಾಡ ಕೂಸೇ, ನಿಮ್ಮಣ್ಣಂಗೂ ಬ್ಯಾಡ. ನಾಳಿಕೆ ನಿನ್ ಮದ್ವೆ ಆಗ್ಬೇಕು," ಎಂದಳು ಅವ್ವ.

ಮರ ಆ ಮೊಳೆಯ ಮೇಲೆ ತೊಗಟೆ ಬೆಳೆಸಿಕೊಂಡಿತು. ಅವ್ವನೂ ಹೋದಳು.

ಮುಂದೆ ಆ ಮರ ಗಾಳಿಗೆ ಬಿದ್ದಾಗ ನಾನು ನಂಜನಗೂಡಿನಲ್ಲಿ ನಿನ್ನ ಮನೆಯಲ್ಲಿದ್ದೆ. ಟಿ. ನರಸೀಪುರದ ಕಡೆಯ ಗಂಡು ಗೊತ್ತಾಗುವುದರಲ್ಲಿತ್ತು. ನೀನು ಬೊಡ್ಡೆಯ ದಿಮ್ಮಿಯನ್ನು ಗಾಡಿಯಲ್ಲಿ ತಂದು, ನಟ್ಟನಡುವೆ ಸೀಳಿ ಎರಡು ಹೋಳು ಮಾಡಿದೆ. ತಿರುಳು ಉಳಿದರೆ ಬಟ್ಟಲು ಬಿರುಕು ಬಿಡುತ್ತದೆ ಎಂದು ಆ ಪಟ್ಟಿಯನ್ನು ಬೇರೆ ತೆಗೆದಿಟ್ಟೆ. ಒಂದು ಹೋಳಿನ ಕಂದು ಮರದಲ್ಲಿ ನೀಲಿಗಪ್ಪು ಅಲೆಯೊಂದು ಹರಿದಿತ್ತು. ನೀನು ಒದ್ದೆ ಅಂಗೈಯಿಂದ ಅದನ್ನು ಸವರಿದೆ.

"ನೋಡು ಕೂಸೇ, ನವಿಲುಗರಿ ಬಿದ್ದಂಗೆ ಬಿದ್ದದೆ. ಇದ್ರಲ್ಲಿ ನಿನ್ ಮದ್ವೆಗೆ ಕುಂಕುಮದ ಭರಣಿ ಕಡೀತೀನಿ."

ಆಮೇಲೆ ನಿನಗೇ ಅನುಮಾನ ಬಂತು. "ಕಬ್ಬಿಣ ಇದ್ರೂವೆ ಉಣ್ಸೆ ಇಂಗೇ ಕಪ್ಪಾಯ್ತದೆ. ಊರಲ್ಲಿದ್ದೋಳು ನೀನು. ಇದುಕ್ಕೆ ಯಾರಾರ ಮೊಳೆ ಗಿಳೆ ಒಡ್ದಿದ್ರಾ?"

ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತಿಗೆ ನಕ್ಕಳು. "ಉಣ್ಸೆಮರ ಅಂದ್ಮೇಲೆ ದೆವ್ವ ಇಡ್ದ ಯಾವ್ಳಿಗಾರ ಒಡ್ದೇ ಇರ್ತಾರೆ. ನಿಮ್ ತಂಗೀನೇ ಕೇಳಿ, ಅವ್ಳ ಗೆಳ್ತೀರೇ ಇರ್ಬೌದು."

ಬರೀ ತಮಾಷೆ. ಅವಳಿಗೆ ಏನೂ ತಿಳಿದಿರಲಿಲ್ಲ. ಆದರೆ ಈಗ ಹೇಳಿದರೆ ಅವಳಿಗೂ ತಿಳಿಯುತ್ತದೆ, ಗಂಡಿನ ಕಡೆಯವರಿಗೂ ತಿಳಿಯುತ್ತದೆ...

"ಇಲ್ಲ ಕಣಣ್ಣ."

ನೀನು ಗರಗಸದ ಮೋಟಾರು ಹಾಕಿದೆ. ಆ ಅಲೆ ಪ್ರತಿ ತುಂಡಿನ ನಡುವೆ ಬರುವಂತೆ ಹೋಳನ್ನು ತಿರುಗಿಸಿ ತಿರುಗಿಸಿ ಕೊಯ್ಯುತ್ತಿದ್ದೆ. ಕೊಯ್ದದ್ದು ಒಣಗುವಾಗ ಬಿರಿಯದಂತೆ ತುದಿಗೆ ಮೇಣ ಬಳಿದು ನೆರಳಿನಲ್ಲಿ ಇಡುವ ಕೆಲಸ ನನ್ನದು. ಪ್ರತಿ ತುಂಡನ್ನು ತೆಗೆದುಕೊಳ್ಳುವಾಗಲೂ ಈಗ ಹೇಳಲೇ, ಈಗ ಹೇಳಲೇ ಎನಿಸುತ್ತಿತ್ತು. ಮೊಳೆ ಇನ್ನೊಂದು ಹೋಳಿನಲ್ಲಿರಬಹುದು, ತುಕ್ಕು ತಿಂದು ಮುಗಿದಿರಬಹುದು — ಹಾಗೆ ಅಂದುಕೊಳ್ಳುತ್ತಿರುವಾಗಲೇ ಕಿರ್ರೆಂದು ಸದ್ದಾಯಿತು. ತುಂಡು ಎಗರಿತು. ನಿನ್ನ ಬಲಗೈ ಗರಗಸದ ಮೇಲೆ ಹೋಯಿತು.

ಅತ್ತಿಗೆ ನಿನ್ನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ನಾನು ರಕ್ತ ತೊಳೆಯಲು ಉಳಿದೆ. ಆ ತುಂಡಿನ ಕೊಯ್ದ ಮುಖದಲ್ಲಿ ಮೊಳೆ ಬೆಳ್ಳಗೆ ಹೊಳೆಯುತ್ತಿತ್ತು. ತುಂಡನ್ನು ಎತ್ತಿಕೊಂಡು ಹೋಗಿ ನೀರೊಲೆಗೆ ಹಾಕಿದೆ. ಮೊದಲ ಸುಳ್ಳನ್ನು ಹೇಳುವಾಗ ಭಯವಿತ್ತು. ಇದನ್ನು ಮಾಡುವಾಗ ಅದೂ ಇರಲಿಲ್ಲ.

ಎರಡು ಬೆರಳು ಕಳೆದುಕೊಂಡು ಮನೆಗೆ ಬಂದ ನೀನು ಮೊದಲು ಕೇಳಿದ್ದೇ ಅದನ್ನು. "ತುಂಡ್ನಲ್ಲಿ ಕಬ್ಬಿಣ ಇತ್ತಾ ಕೂಸೇ?"

"ಏನೂ ಇರ್ನಿಲ್ಲ ಕಣಣ್ಣ. ರಕ್ತ ಆಗಿತ್ತು ಅಂತ ಒಲೆಗಾಕ್ದೆ."

ನೀನು ಬಟ್ಟೆ ಸುತ್ತಿದ ಕೈಯನ್ನೇ ನೋಡುತ್ತ ಕುಳಿತೆ. "ಅಂಗಾರೆ ನನ್ ಕೈಯೇ ಜಾರ್ತು," ಎಂದು ನೀನು ಹೇಳಿದಾಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ.

ಉಳಿದ ಬೆರಳುಗಳಲ್ಲಿ ಉಳಿ ಹಿಡಿಯಬಹುದು ಎಂದು ಡಾಕ್ಟರು ಹೇಳಿದ್ದರು. ನೀನು ಹಿಡಿಯಲಿಲ್ಲ. ಲೇತು ಮಾರಿಬಿಟ್ಟೆ. ನನ್ನ ಮದುವೆಗೆ ಅಂಗಡಿಯ ಸ್ಟೀಲಿನ ಭರಣಿ ತಂದು, ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿ ಕೊಟ್ಟೆ. ನಾನು ಕೈಚಾಚಿ ತೆಗೆದುಕೊಂಡೆ. ಇಂದಿಗೂ ಅದರಿಂದಲೇ ಹಣೆಗಿಟ್ಟುಕೊಳ್ಳುತ್ತೇನೆ.

ಮೊನ್ನೆ ಬಾಣಂತನ ಮುಗಿಸಿ ಮಗುವನ್ನು ನಿನ್ನ ಕೈಗೆ ಕೊಡಲು ಬಂದೆ. ನೀನು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಬ್ಯಾಡ ಕೂಸೇ. ನನ್ ಕೈಯ ನಂಬಬ್ಯಾಡ."

ವಾಪಸು ಬರುವಾಗ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನ್ನ ಕಿವಿಯಲ್ಲಿ ಅದೇ ಮಾತು. ಬೆರಳು ಹೋದದ್ದಷ್ಟೇ ನಿನ್ನ ನಷ್ಟ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೆ —

ಆ ಮೊಳೆ ನೀರೊಲೆಯ ಬೂದಿಯಲ್ಲಿ ಸಿಕ್ಕಿತ್ತು. ಕೂದಲು ಸುಟ್ಟುಹೋಗಿತ್ತು. ಎಸೆಯಲು ಹೆದರಿ ಅವ್ವನ ಹಳೇ ಸೀರೆಯ ಚೂರಿನಲ್ಲಿ ಕಟ್ಟಿಟ್ಟೆ. ಗಂಡನ ಮನೆಗೂ ಅದು ನನ್ನ ಜೊತೆ ಬಂತು. ಸೋಮವಾರ ತರುತ್ತೇನೆ. ಅತ್ತಿಗೆಯ ಎದುರಿಗೇ, ನನ್ನ ಗಂಡನ ಎದುರಿಗೇ ಕೊಡುತ್ತೇನೆ. ಕ್ಷಮಿಸು ಎಂದು ಕೇಳಲು ಬರುತ್ತಿಲ್ಲ. ಬೆಳಕಿಗೆ ಹಿಡಿದು ನೋಡು ಅಣ್ಣಯ್ಯ, ಅದರ ಮೈಮೇಲೆ ಗರಗಸ ಕಚ್ಚಿದ ಗುರುತಿದೆ.

ನಿನ್ನ ಕೈ ಜಾರಿರಲಿಲ್ಲ.